ಕಾಗದದ ಹೂವಿನ ಮೇಲೆ ಹೊರಿಸಿದ ಸುಳ್ಳು ಆರೋಪ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಗೂ ಈಗ ಒಂದು ತಕರಾರು ಬಂದು ನಿಲ್ಲುತ್ತದೆ. ಮೊಬೈಲಿನಲ್ಲಿ ನೋಡಿಯೋ, ಶಾಲೆಯಲ್ಲಿ ಹೇಳಿಕೊಟ್ಟರೆಂದೋ, ಪುಣೆ-ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಚಿಗವ್ವನ ಮಕ್ಕಳನ್ನು ಕಂಡೋ, ಹುಡುಗ ಹುಡುಗಿಯರು ಕಪ್ಪು, ಕಿತ್ತಳೆ, ನೇರಳೆ ಬಣ್ಣದ ಹಾಳೆ ತರುತ್ತಾರೆ. ಕತ್ತರಿಸುತ್ತಾರೆ, ಸುತ್ತುತ್ತಾರೆ, ಹೂವು ಮಾಡುತ್ತಾರೆ. ಆ ಹೂಗಳನ್ನು ದುಂಡಗಿನ ರಟ್ಟಿಗೆ ಅಂಟಿಸಿ, ನಡುವೆ ಒಂದು ಕಾಗದದ ಬಾವಲಿಯನ್ನು ಕೂರಿಸಿ ಗೋಡೆಗೆ ತೂಗುಹಾಕುತ್ತಾರೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಅಲಂಕಾರ ಅದು. ಅದನ್ನು ಕಂಡಕೂಡಲೇ ಹಿರಿಯರ ಮಾತು ಶುರು: "ನಮ್ಮ ಹಬ್ಬಕ್ಕೇನು ಬರ ಬಂದದ? ಆ ದೆವ್ವದ ಹಬ್ಬ ನಮ್ಮ ಮನ್ಯಾಗ ಯಾಕ ಬೇಕು?"

ಈ ಮಾತು ಕಟ್ಟೆಯ ಮೇಲೆ ಕೇಳುತ್ತದೆ, ಪಾಲಕರ ಸಭೆಯಲ್ಲಿ ಕೇಳುತ್ತದೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಹರಿದಾಡುತ್ತದೆ. ಎದುರಾಡುವವರಿಲ್ಲ. ಸಂಸ್ಕೃತಿಯ ಹೆಸರು ಹೇಳಿದ ಮೇಲೆ ಎದುರಾಡುವುದು ಹೇಗೆ ಎಂಬ ಸಂಕೋಚ ಎಲ್ಲರಿಗೂ. ನಾನು ಎದುರಾಡುತ್ತೇನೆ. ಈ ವಾದ ತಪ್ಪು. ನಮ್ಮ ನೆಲದ ಬಗ್ಗೆ, ನಮ್ಮ ಹಬ್ಬಗಳ ಬಗ್ಗೆ, ನಮ್ಮ ಊರಿನ ಕೈಕೆಲಸದ ಬಗ್ಗೆ ಏನೂ ನೆನಪಿಟ್ಟುಕೊಳ್ಳದವರ ವಾದ ಅದು. ಸಂಸ್ಕೃತಿಯನ್ನು ಉಳಿಸುತ್ತೇವೆಂದು ಹೊರಟು, ಸಂಸ್ಕೃತಿಯನ್ನು ಉಳಿಸಬಲ್ಲ ಒಂದೇ ವಸ್ತುವಾದ ಮಕ್ಕಳ ಕೈಯನ್ನು ಅದು ಕಟ್ಟಿಹಾಕುತ್ತದೆ.

ಈ ಆಕ್ಷೇಪದೊಳಗೆ ಮೂರು ಮಾತುಗಳಿವೆ. ಸಾವು, ದೆವ್ವ, ಭಯವನ್ನು ಮನೆಯಲ್ಲಿ ಶೃಂಗರಿಸಿಡುವುದು ನಮ್ಮ ರೂಢಿಯಲ್ಲ ಎಂಬುದು ಮೊದಲನೆಯದು. ಹೊರಗಿನಿಂದ ಬಂದದ್ದು ಎಂದೂ ನಮ್ಮದಾಗುವುದಿಲ್ಲ ಎಂಬುದು ಎರಡನೆಯದು. ನಮ್ಮದು ನಿಜವಾದ ಹೂವಿನ ಸಂಸ್ಕೃತಿ, ಕಾಗದದ ಹೂವು ನಕಲಿ, ಅದು ಮಕ್ಕಳ ಕಾಲಹರಣ ಎಂಬುದು ಮೂರನೆಯದು. ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ಸಾವು ನಮ್ಮ ಮನೆಯೊಳಗೆ ಬರುವುದಿಲ್ಲವೇ? ಭಾದ್ರಪದ ಮಾಸದಲ್ಲಿ ಗಣಪತಿ ಹೋದ ಬೆನ್ನಿಗೇ ಬರುವವನು ಯಾರು? ಜೋಕುಮಾರ. ಅಷ್ಟಮಿಯ ದಿನ ಹುಟ್ಟುವ ಆತನನ್ನು ಮಣ್ಣಿನಲ್ಲಿ ಮಾಡಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಅಂಗಳದಲ್ಲಿ ಇಳಿಸಿ ಹಾಡುತ್ತಾರೆ. ನಾವು ಮೊರದಲ್ಲಿ ಜೋಳ ಹಾಕುತ್ತೇವೆ. ಅವರು ಕೊಟ್ಟ ಚರಗವನ್ನು ಹೊಲಕ್ಕೆ ಚೆಲ್ಲುತ್ತೇವೆ. ಏಳು ದಿನ ಬಾಳಿದ ಆತ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಅಗಸರ ಒಗೆಯುವ ಕಲ್ಲಿನ ಬಳಿ ಆತನ ಕಥೆ ಮುಗಿಯುತ್ತದೆ. ಊರು ಆ ಸಾವಿಗೆ ಹೆದರುತ್ತದೆ, ಅಳುತ್ತದೆ, ಅದೇ ಸಾವಿನಿಂದ ಮಳೆ-ಬೆಳೆ ಬರುತ್ತದೆಂದು ನಂಬುತ್ತದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಜ್ಞಾನಪೀಠದವರೆಗೆ ನಡೆದ ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ' ನಾಟಕ ಬರೆದದ್ದು ಈ ನಂಬಿಕೆಯ ಮಣ್ಣಿನಿಂದಲೇ. ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೊಡು-ತಗೋ ನಡೆಸುವ, ನಡುವೆ ಒಂದು ಸಾವನ್ನು ಇಟ್ಟುಕೊಂಡ ಹಬ್ಬ ನಮಗೆ ಹೊಸದಲ್ಲ. ಅಮೆರಿಕದ ಮಕ್ಕಳು ವೇಷ ಹಾಕಿ ಮಿಠಾಯಿಗೆ ಬಾಗಿಲು ತಟ್ಟುವುದನ್ನು ಕಂಡು ಬೆಚ್ಚುವವರು ತಮ್ಮದೇ ಅಂಗಳದ ಜೋಕುಮಾರನನ್ನು ಮರೆತಿದ್ದಾರೆ.

ಜೋಕುಮಾರ ಹೋದ ಮೇಲೆ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಹಿರಿಯರ ಹೆಸರಲ್ಲಿ ಅಡಿಗೆ ಮಾಡಿ ಎಡೆ ಹಿಡಿಯುವ ದಿನ. ಅದಾದ ಮೇಲೆ ದೀಪಾವಳಿ. ನರಕ ಚತುರ್ದಶಿ ಒಬ್ಬ ಅಸುರನ ಸಾವಿನ ನೆನಪು. ಬಲಿಪಾಡ್ಯಮಿ ಪಾತಾಳದಿಂದ ಬಲಿ ಚಕ್ರವರ್ತಿ ತನ್ನ ಜನರನ್ನು ನೋಡಲು ವರ್ಷಕ್ಕೊಮ್ಮೆ ಮೇಲೆ ಬರುವ ದಿನ. ನೆಲದಡಿಯ ಲೋಕದ ಬಾಗಿಲು ಒಂದು ದಿನ ತೆರೆಯುತ್ತದೆ ಎಂಬ ಈ ಭಾವನೆಯೇ ಐರ್ಲೆಂಡಿನ ರೈತರ ಸವ್‌ವಿನ್ ಹಬ್ಬದಲ್ಲೂ ಇತ್ತು. ಸುಗ್ಗಿ ಮುಗಿದು ಚಳಿ ಕಾಲಿಡುವ ಆ ಸಂಧಿಯಲ್ಲಿ ಸತ್ತವರು ಹಿಂದಿರುಗುತ್ತಾರೆಂದು ಅವರು ನಂಬಿದ್ದರು. ಕ್ರೈಸ್ತ ಪಂಚಾಂಗ ನವೆಂಬರ್ 1ನ್ನು ಸಂತರಿಗೆ, 2ನ್ನು ತೀರಿಹೋದ ಎಲ್ಲ ಆತ್ಮಗಳಿಗೆ ಮೀಸಲಿಟ್ಟಿತು. ಸಂತರ ದಿನದ ಹಿಂದಿನ ರಾತ್ರಿಯೇ ಹ್ಯಾಲೋವೀನ್ ಆಯಿತು. 2024ರಲ್ಲಿ ನಮ್ಮ ನರಕ ಚತುರ್ದಶಿ ಮತ್ತು ಅವರ ಹ್ಯಾಲೋವೀನ್ ಒಂದೇ ದಿನ, ಅಕ್ಟೋಬರ್ 31ರಂದೇ ಬಿದ್ದವು. ತಿಥಿ-ತಾರೀಖು ಹೀಗೆ ಕೂಡಿದ್ದು ಕಾಕತಾಳೀಯ ಇರಬಹುದು. ಆದರೆ ಬೆಳೆ ಕೈಗೆ ಬರುವ, ಹಗಲು ಕುಗ್ಗುವ ಈ ಕಾಲದಲ್ಲೇ ಎರಡೂ ಕಡೆಯ ರೈತರು ಸತ್ತವರನ್ನು ನೆನೆದು ದೀಪ ಹಚ್ಚಿದ್ದು ಕಾಕತಾಳೀಯವಲ್ಲ. ಒಕ್ಕಲುತನ ಮಾಡುವ ಜನಕ್ಕೆ ಸಾವು ಮತ್ತು ಬೀಜ ಒಂದೇ ಮಣ್ಣಿನೊಳಗೆ ಹೋಗುತ್ತವೆ ಎಂಬುದು ಗೊತ್ತಿರುತ್ತದೆ.

ಇನ್ನು ಭಯಂಕರ ಮುಖಗಳ ಮಾತು. ಹೊಸ ಮನೆ ಕಟ್ಟಿಸುವಾಗ ಕೋರೆಹಲ್ಲು, ಕೆಂಡದ ಕಣ್ಣಿನ ದೃಷ್ಟಿಗೊಂಬೆಯನ್ನು ಎದುರು ಗೋಡೆಗೇ ಕಟ್ಟುವವರು ನಾವು. ಖಂಡೇಪೂಜೆಗೆ ಬೂದಗುಂಬಳ ಕೊರೆದು ಒಳಗೆ ಕುಂಕುಮ ತುಂಬಿ ನಡುದಾರಿಯಲ್ಲಿ ಒಡೆಯುವವರು ನಾವು. ಗುಡಿಯ ಬಾಗಿಲ ಮೇಲೆ ನಾಲಗೆ ಚಾಚಿದ ಕೀರ್ತಿಮುಖ ಕೆತ್ತಿಸಿದವರು ನಮ್ಮ ಪೂರ್ವಜರು. ಕೆಟ್ಟದ್ದನ್ನು ಓಡಿಸಬೇಕಾದರೆ ಅದಕ್ಕಿಂತ ಭೀಕರವಾದ ಮುಖವನ್ನು ಹೊಸ್ತಿಲಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಐರ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆದು ಮುಖ ಮಾಡಿ ಒಳಗೆ ದೀಪ ಇಟ್ಟದ್ದೂ ಇದೇ ತಿಳಿವಳಿಕೆಯಿಂದ. 1845ರಿಂದ ಕಾಡಿದ ಆಲೂಗಡ್ಡೆಯ ಬರಗಾಲದಲ್ಲಿ ಹಸಿದು ಅಮೆರಿಕಕ್ಕೆ ಗುಳೆ ಹೋದ ಲಕ್ಷಾಂತರ ಐರಿಶ್ ಜನರೊಂದಿಗೆ ಆ ಹಬ್ಬವೂ ಹೋಯಿತು. ಅಲ್ಲಿ ಗಡ್ಡೆಯ ಬದಲು ಕುಂಬಳಕಾಯಿ ಸಿಕ್ಕಿತು. ಗುಳೆ ಹೋಗುವುದು ಏನೆಂದು ಬಲ್ಲ ಉತ್ತರ ಕರ್ನಾಟಕದವರಿಗೆ ಈ ಕಥೆ ಅರ್ಥವಾಗದಿದ್ದರೆ ಮತ್ತಾರಿಗೆ ಅರ್ಥವಾದೀತು?

ಕಾಗದದಿಂದ ಸಾವನ್ನು ಶೃಂಗರಿಸುವುದಂತೂ ನಮ್ಮ ಊರುಗಳ ಕಣ್ಣೆದುರಿಗೇ ನಡೆಯುತ್ತ ಬಂದಿದೆ. ಮೊಹರಂ ಬಂದಾಗ ಬಿದಿರಿನ ಸೀಳುಗಳಿಂದ ತಾಬೂತು ಕಟ್ಟಿ, ಅದಕ್ಕೆ ಬಣ್ಣಬಣ್ಣದ ಕಾಗದ, ಬೇಗಡೆ, ಕಾಗದದ ಹೂವು ಅಂಟಿಸುತ್ತಾರೆ. ಕರ್ಬಲಾದಲ್ಲಿ ಮಡಿದವರ ಗೋರಿಯ ನೆನಪು ಆ ತಾಬೂತು. ಅದನ್ನು ಹೊತ್ತವರಲ್ಲಿ, ಅದರ ಮುಂದೆ ಹೆಜ್ಜೆ ಹಾಕಿದವರಲ್ಲಿ, ಕನ್ನಡದಲ್ಲಿ ರಿವಾಯತ್ ಪದ ಕಟ್ಟಿ ಹಾಡಿದವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ಊರ ನಡುವೆ ಇಟ್ಟುಕೊಂಡು ಬಾಳಿದ ಹುಕ್ಕೇರಿಗೆ ಗೋರಿಯೂ ಶೃಂಗಾರವೂ ಒಟ್ಟಿಗೆ ಇರಬಲ್ಲವು ಎಂದು ಬೇರೆಯವರು ಕಲಿಸಬೇಕಿಲ್ಲ. ಹಾಗಾದರೆ ಮಗುವೊಂದು ಕಪ್ಪು ಕಾಗದದಲ್ಲಿ ಗುಲಾಬಿ ಮಾಡಿದರೆ ಮಾತ್ರ ಮನೆಗೆ ಕೇಡು ಬರುತ್ತದೆಯೇ?

ಎರಡನೆಯ ಮಾತಿಗೆ ಬರೋಣ: ಹೊರಗಿನದು ಹೊರಗಿನದೇ. ಹೀಗೆ ಹೇಳುವವರು ದೀಪಾವಳಿಗೆ ತಮ್ಮ ಬಾಗಿಲಿಗೆ ಕಟ್ಟುವ ತೋರಣ ನೋಡಲಿ. ಅದರಲ್ಲಿರುವ ಚೆಂಡು ಹೂವಿನ ತವರು ಮೆಕ್ಸಿಕೊ. ಅಮೆರಿಕ ಖಂಡದ ಗಿಡಗಳು ಪೋರ್ಚುಗೀಸರ ಕಾಲದಿಂದ ನಮ್ಮ ನೆಲಕ್ಕೆ ಇಳಿಯತೊಡಗಿದವು. ಇಂದು ಚೆಂಡು ಹೂವಿಲ್ಲದೆ ಖಂಡೇಪೂಜೆಯಿಲ್ಲ, ಲಕ್ಷ್ಮೀಪೂಜೆಯಿಲ್ಲ. ಅದೇ ಹೂವನ್ನು ಮೆಕ್ಸಿಕೊದ ಜನ ನವೆಂಬರ್ 1 ಮತ್ತು 2ರಂದು, ಸತ್ತವರ ದಿನದಲ್ಲಿ, ಗೋರಿಗಳ ಮೇಲೂ ಮನೆಯ ಪೀಠಗಳ ಮೇಲೂ ರಾಶಿ ಹಾಕುತ್ತಾರೆ. ಆ ಹೂವಿನ ಬಣ್ಣ ಮತ್ತು ವಾಸನೆ ಹಿಡಿದು ಹಿರಿಯರು ಮನೆಯ ದಾರಿ ಕಂಡುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಜೊತೆಗೆ ಬಣ್ಣದ ತೆಳು ಕಾಗದವನ್ನು ಜಾಳಿಗೆಯಂತೆ ಕತ್ತರಿಸಿ ಸಾಲಾಗಿ ತೂಗುಹಾಕುತ್ತಾರೆ. ಅವರ ಈ ಆಚರಣೆ 2008ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಬಾಗಿಲ ಹೂವೇ ಅವರ ಗೋರಿಯ ಹೂವು. ಹೊರಗಿನದನ್ನೆಲ್ಲ ತೆಗೆದುಹಾಕುವುದಾದರೆ ಮೊದಲು ತೋರಣ ಇಳಿಸಬೇಕಾಗುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಶೇಂಗಾ ಹೋಳಿಗೆಯ ಶೇಂಗಾ ದಕ್ಷಿಣ ಅಮೆರಿಕದ್ದು. ರಂಜಕದ ಮೆಣಸಿನಕಾಯಿ ಮೆಕ್ಸಿಕೊ ಕಡೆಯದು. ಘಟಪ್ರಭೆಯ ಕಾಲುವೆಯ ನೀರು ಕುಡಿದು ಗೋಕಾಕ-ಮೂಡಲಗಿಯ ಹೊಲಗಳಲ್ಲಿ ನಿಂತ ಗೋವಿನಜೋಳವೂ ಅಲ್ಲಿಯದೇ. ಹ್ಯಾಲೋವೀನಿನ ಕುಂಬಳಕಾಯಿಗೆ ನಗುವ ನಾವು ಕಡುಬಿಗೆ ಹಾಕುವ ಸಿಹಿಗುಂಬಳವೂ ಅಮೆರಿಕ ಖಂಡದ ಬಳ್ಳಿಯ ಕಾಯಿ. ಇವನ್ನೆಲ್ಲ ನಮ್ಮದಾಗಿಸಿದ್ದು ಯಾರು? ಯಾವ ಸರಕಾರವೂ ಅಲ್ಲ, ಯಾವ ಸಭೆಯ ಠರಾವೂ ಅಲ್ಲ. ಬಿತ್ತಿದ ಕೈ, ಅರೆದ ಕೈ, ತಟ್ಟಿದ ಕೈ. ಹೊರಗಿನ ವಸ್ತು ನಮ್ಮದಾಗುವುದು ಅದರ ಮೇಲೆ ನಮ್ಮ ದುಡಿಮೆ ಬಿದ್ದಾಗ.

ಈ ಸತ್ಯವನ್ನು ನಮ್ಮ ಭಾಗದ ಜನ ಎಂದೋ ಆಡಿ ತೋರಿಸಿದ್ದಾರೆ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮನವರು ಊರೂರಿಗೆ ಕೊಂಡೊಯ್ದ ಶ್ರೀಕೃಷ್ಣ ಪಾರಿಜಾತದ ಕಥೆಯಾದರೂ ಏನು? ನಾರದ ಪರಲೋಕದಿಂದ ಒಂದು ಹೂವು ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆ ಮುನಿಯುತ್ತಾಳೆ. ಇಂದ್ರನ ತೋಟದ ಆ ಹೂವಿಗಾಗಿ ದ್ವಾರಕೆಯ ಅರಮನೆಯಲ್ಲಿ ಎದ್ದ ಜಗಳವನ್ನು ನಮ್ಮವರು ಗೋಕಾಕ ಸೀಮೆಯ ಗಂಡ-ಹೆಂಡಿರ, ಸವತಿಯರ ಜಗಳವನ್ನಾಗಿ ಮಾಡಿದರು; ನಮ್ಮ ಮಾತು, ನಮ್ಮ ಧಾಟಿ, ನಮ್ಮ ನಗು ಹಾಕಿ ರಾತ್ರಿಯಿಡೀ ಆಡಿದರು. ಪರಲೋಕದ ಹೂವನ್ನು ಕುಲಗೋಡದ ಹೂವನ್ನಾಗಿ ಮಾಡಿದ ನೆಲದಲ್ಲಿ ನಿಂತು, ಪರದೇಶದ ಹೂವು ಎಂದು ಮಗುವಿನ ಕೈಯಿಂದ ಕಾಗದ ಕಸಿಯುವುದು ನಾಚಿಕೆಗೇಡಿನ ಕೆಲಸ.

ಮೂರನೆಯ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ: ಕಾಗದದ ಹೂವು ನಕಲಿ, ಅದು ಬರೀ ಕಾಲಹರಣ. ಗೋಕಾಕದವರ ಬಾಯಲ್ಲಿ ಈ ಮಾತು ಬರಬಾರದಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಇಂಪೀರಿಯಲ್ ಗೆಜೆಟಿಯರ್ ಗೋಕಾಕ ಪಟ್ಟಣದ ಬಗ್ಗೆ ಏನು ಹೇಳುತ್ತದೆ? ಇದು ನೇಕಾರಿಕೆ ಮತ್ತು ಬಣ್ಣಗಾರಿಕೆಗೆ ಹೆಸರಾಗಿದ್ದ ಊರು. ಹಗುರವಾದ ಮರದಿಂದ ಮತ್ತು ಸುತ್ತಮುತ್ತ ಸಿಗುವ ಒಂದು ಬಗೆಯ ಮಣ್ಣಿನಿಂದ ಮನುಷ್ಯರ, ಹಣ್ಣುಗಳ ರೂಪದ ಗೊಂಬೆಗಳು ಇಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತವೆ. ಒರಟು ಕಾಗದವೂ ಇಲ್ಲಿ ಹೇರಳವಾಗಿ ತಯಾರಾಗುತ್ತದೆ. ಈ ಕೊನೆಯ ಸಂಗತಿಯನ್ನು ಇನ್ನೊಮ್ಮೆ ಓದಿ. ಇಂದು ನಾವು ನಕಲಿ ಎಂದು ಬದಿಗೆ ತಳ್ಳುವ ಕಾಗದ ಒಂದು ಕಾಲದಲ್ಲಿ ನಮ್ಮ ಊರಿನದೇ ಉತ್ಪನ್ನವಾಗಿತ್ತು.

ಕೈಕಾಗದ ಮಾಡುವುದು ಹೇಗೆಂದು ಬಲ್ಲವರಿಗೆ ಅದರ ಬೆಲೆ ಗೊತ್ತು. ನಮ್ಮ ದೇಶದ ಹಳೆಯ ಕಾಗದಗಾರರು ಹರಿದ ಬಟ್ಟೆ, ಗೋಣಿ, ಹಗ್ಗದ ತುಂಡುಗಳನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ದಿನಗಟ್ಟಲೆ ಕುಟ್ಟಿ, ತೊಳೆದು ತಿಳಿಯಾದ ರಬಡಿ ಮಾಡುತ್ತಿದ್ದರು. ಅದನ್ನು ತೊಟ್ಟಿಯ ನೀರಿನಲ್ಲಿ ಕಲಸಿ, ಹುಲ್ಲಿನ ಚಾಪೆಯಂಥ ಜರಡಿಯಿಂದ ಒಂದೇ ಹದದಲ್ಲಿ ಎತ್ತಬೇಕು. ಎತ್ತುವ ಕೈ ನಡುಗಿದರೆ ಹಾಳೆ ಒಂದೆಡೆ ದಪ್ಪ, ಒಂದೆಡೆ ತೂತು. ಒದ್ದೆ ಹಾಳೆಯನ್ನು ನುಣುಪಾಗಿ ಗಿಲಾವು ಮಾಡಿದ ಗೋಡೆಗೆ ಕುಂಚದಿಂದ ಹಚ್ಚಿ ಒಣಗಿಸುತ್ತಿದ್ದರು. ಆಮೇಲೆ ಗಂಜಿ ಸವರಿ, ನುಣ್ಣನೆಯ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ಕಾಗದವೂ ಪರದೇಶದ್ದೇ: ಚೀನಾದಲ್ಲಿ ಹುಟ್ಟಿ, ಸಮರ್‌ಖಂಡ್ ದಾಟಿ, ಬಹುತೇಕ ಮುಸ್ಲಿಂ ಕುಶಲಕರ್ಮಿಗಳ ಕೈಯಿಂದ ನಮ್ಮ ದೇಶಕ್ಕೆ ಬಂದದ್ದು. ಅದರ ಮೇಲೆ ನಮ್ಮ ವಚನ ಬರೆದರು, ಜಾತಕ ಬರೆದರು, ಲೆಕ್ಕ ಬರೆದರು. ಬರೆದರೆ ವಿದ್ಯೆ, ಕತ್ತರಿಸಿ ಹೂವು ಮಾಡಿದರೆ ಕಾಲಹರಣ ಎಂದು ತೀರ್ಪು ಕೊಟ್ಟವರು ಯಾರು?

ಹಣ್ಣಿನ ಗೊಂಬೆಗಳ ಮಾತಿಗೂ ಬರುತ್ತೇನೆ. ಗೋಕಾಕದ ಚಿತ್ರಗಾರ, ಜೀನಗಾರ ಮನೆತನಗಳವರು ಮರದಲ್ಲಿ ಕೆತ್ತಿ, ಮೇಲೆ ಲೇಪ ಕೊಟ್ಟು, ಬಣ್ಣ ಹಾಕಿದ ಸೀತಾಫಲ, ಬಾಳೆ, ಮಾವು, ಬದನೆಗಳನ್ನು ಕಂಡವರು ಕೈಚಾಚಿ ಮುಟ್ಟಿ ನೋಡದೆ ಇರುತ್ತಿರಲಿಲ್ಲ. ತಿನ್ನಲು ಬಾರದ ಹಣ್ಣು ನಕಲಿಯೇ ಅಲ್ಲವೇ? ಆದರೂ ಆ ನಕಲಿಯೇ ಗೋಕಾಕದ ಹೆಸರನ್ನು ಹೊರನಾಡಿಗೆ ಒಯ್ದಿತು. ಸೀತಾಫಲದ ಕಣ್ಣು ಕಣ್ಣನ್ನೂ ಎಣಿಸಿ ಕಂಡವನು ಮಾತ್ರ ಅದನ್ನು ಕೆತ್ತಬಲ್ಲ. ಮದುವೆಯಲ್ಲಿ ವರನ ಹಣೆಗೆ, ವಧುವಿನ ತಲೆಗೆ ಏರುವ ದಂಡಿ-ಬಾಸಿಂಗಗಳನ್ನು ನೋಡಿ. ಬೆಂಡು, ಬಣ್ಣದ ಕಾಗದ, ಬೇಗಡೆಗಳಿಂದ ಮಾಡಿದ ಹೂವುಗಳೇ ಅವು. ಜೀವನದ ಅತಿ ಶುಭವಾದ ಗಳಿಗೆಯಲ್ಲಿ ಮೈಮೇಲೆ ಧರಿಸುವ ಹೂವು ಕೈಯಿಂದ ಮಾಡಿದ್ದು. ದೀಪಾವಳಿಗೆ ಬಿದಿರು ಕಡ್ಡಿ ಕಟ್ಟಿ, ಪತಂಗದ ಹಾಳೆ ಅಂಟಿಸಿ, ಮನೆಯ ಮೇಲೆ ಏರಿಸುವ ಆಕಾಶಬುಟ್ಟಿಯೂ ಕಾಗದದ್ದೇ. ನಿಜವಾದ ಹೂವು ಮಾತ್ರ ಸಂಸ್ಕೃತಿ ಎನ್ನುವವರು ಬಾಸಿಂಗವಿಲ್ಲದೆ ಮದುವೆ ಮಾಡಿ ತೋರಿಸಲಿ.

ಕಾಗದದ ಹೂವು ಮಾಡುವಾಗ ಮಗು ಏನು ಕಲಿಯುತ್ತದೆ? ಕ್ರೇಪ್ ಕಾಗದಕ್ಕೆ ಒಂದು ಓಟವಿದೆ. ಅದರ ನೆರಿಗೆಗೆ ಅಡ್ಡವಾಗಿ ಎಳೆದರೆ ಹಿಗ್ಗುತ್ತದೆ, ನೆರಿಗೆಯ ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ. ಆದ್ದರಿಂದ ನೆರಿಗೆಗಳು ದಳದ ಬುಡದಿಂದ ತುದಿಗೆ ಓಡುವಂತೆ ಕತ್ತರಿಸಬೇಕು. ಆಗ ಎರಡು ಹೆಬ್ಬೆರಳಿನಿಂದ ನಡುಭಾಗವನ್ನು ಮೆಲ್ಲಗೆ ಅಗಲಿಸಿದರೆ ದಳ ಬಟ್ಟಲಾಗುತ್ತದೆ. ತಿರುಗಾಮುರುಗಾ ಕತ್ತರಿಸಿದ ದಳ ಎಷ್ಟು ಎಳೆದರೂ ಅರಳುವುದಿಲ್ಲ. ಗುಲಾಬಿಗೆ ಒಳಗೆ ಸಣ್ಣ ದಳ, ಹೊರಗೆ ದೊಡ್ಡವು. ಒಂದರ ಅಂಚು ಇನ್ನೊಂದರ ನಡುವಿಗೆ ಬರಬೇಕು, ಬುಡವನ್ನು ದಾರದಿಂದ ಬಿಗಿಯಬೇಕು. ದಪ್ಪ ಹಾಳೆಯಾದರೆ ದುಂಡಗೆ ಕತ್ತರಿಸಿ, ಆ ದುಂಡನ್ನು ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಸೀಳಿ, ಹೊರತುದಿಯಿಂದ ಸುತ್ತುತ್ತ ಬಂದರೆ ಕೊನೆಗೆ ಉಳಿಯುವ ನಡುವಿನ ಬಿಲ್ಲೆಯೇ ಹೂವಿನ ತಳ. ರಟ್ಟಿನ ಬಳೆಯ ಮೇಲೆ ಜೋಡಿಸುವಾಗ ಮೊದಲು ದೊಡ್ಡ ಹೂವು, ಆಮೇಲೆ ಸಣ್ಣವು, ಕೊನೆಗೆ ಸಂದು ಮುಚ್ಚುವ ಎಲೆ. ಇದರಲ್ಲಿ ರೇಖಾಗಣಿತವಿದೆ, ವಸ್ತುವಿನ ಗುಣ ಅರಿಯುವ ವಿಜ್ಞಾನವಿದೆ, ತಾಳ್ಮೆಯಿದೆ. ಒಂದು ದಳ ಕಟ್ಟಬೇಕಾದರೆ ಮಗು ನಿಜವಾದ ಹೂವನ್ನು ಕಿತ್ತು ತಂದು ಎದುರಿಗಿಟ್ಟುಕೊಂಡು ನೋಡಬೇಕಾಗುತ್ತದೆ. ಮಾಲೆ ಕೊಂಡು ತರುವವನು ಹೂವನ್ನು ಅಷ್ಟು ಹೊತ್ತು ನೋಡುವುದಿಲ್ಲ.

ಕೈಕೆಲಸವೇ ಶಿಕ್ಷಣದ ನಡುಗಂಬವಾಗಲಿ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ದೇಶದ ಮುಂದೆ ಇಟ್ಟ ವಿಚಾರವನ್ನು ನಾವು ಜಯಂತಿಯ ಭಾಷಣಕ್ಕೆ ಸೀಮಿತ ಮಾಡಿದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲ ಬಿಟ್ಟು, ಬಡಗಿ, ಕುಂಬಾರ, ಕಲಾವಿದರಂಥ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕು ಎಂದಿತು. ಆ ನೀತಿಯ ಉಳಿದ ಅಂಶಗಳ ಬಗ್ಗೆ ಜಗಳ ಇರಲಿ. ಮಗುವೊಂದನ್ನು ಊರಿನ ಕುಶಲಿಯ ಎದುರು ಕೂರಿಸಲು ಯಾರ ಅಡ್ಡಿ ಇದೆ? ಅಂಕಪಟ್ಟಿಯಲ್ಲಿ ಕಾಣದ ಕಲಿಕೆ ಕಲಿಕೆಯೇ ಅಲ್ಲ ಎಂಬ ನಮ್ಮ ಧೋರಣೆಯೇ ಅಡ್ಡಿ. ಕಾಗದದ ಹೂವಿಗೆ ಬಿದ್ದ ಬೈಗುಳದ ಹಿಂದೆ ನಿಂತಿರುವುದೂ ಈ ಧೋರಣೆಯೇ. ಕೈಯಿಂದ ದುಡಿಯುವವರನ್ನು ಕೀಳಾಗಿ ಕಂಡ ಹಳೆಯ ರೋಗ ಈಗ ಸಂಸ್ಕೃತಿಯ ಅಂಗಿ ತೊಟ್ಟು ಬಂದಿದೆ.

ಎದುರು ಪಕ್ಷದಲ್ಲಿ ಒಂದು ನ್ಯಾಯವಾದ ಮಾತಿದೆ, ಅದನ್ನು ಒಪ್ಪಬೇಕು. ಹ್ಯಾಲೋವೀನ್ ಇಂದು ಬಹುಮಟ್ಟಿಗೆ ವ್ಯಾಪಾರ. ಮಸಾಚುಸೆಟ್ಸ್‌ನ ಡೆನಿಸನ್ ಕಂಪನಿ ತನ್ನ ಕ್ರೇಪ್ ಕಾಗದ ಮಾರುವುದಕ್ಕಾಗಿಯೇ 1909ರಿಂದ ಹ್ಯಾಲೋವೀನ್ ಅಲಂಕಾರದ ಪುಸ್ತಿಕೆಗಳನ್ನು ಅಚ್ಚುಹಾಕಿತು. ಕಪ್ಪು-ಕಿತ್ತಳೆ ಕಾಗದದ ಈ ಶೃಂಗಾರ ಅಮೆರಿಕದ ಮನೆಗಳಲ್ಲಿ ಬೇರೂರಲು ಅಂಥ ಪುಸ್ತಿಕೆಗಳೂ ಕಾರಣ. ಆಗ ಕಂಪನಿ ಕಾಗದ ಮಾರುತ್ತಿತ್ತು, ಹೂವನ್ನು ಜನರೇ ಮಾಡುತ್ತಿದ್ದರು. ಈಗ ಮಾರುವುದು ಸಿದ್ಧ ಹೂವು, ಸಿದ್ಧ ಬಾವಲಿ, ಪ್ಲಾಸ್ಟಿಕ್ ತಲೆಬುರುಡೆ, ಒಂದು ರಾತ್ರಿ ಹಾಕಿ ಬಿಸಾಡುವ ವೇಷ. ಯಾವುದಾದರೂ ಶಾಲೆ ಪಾಲಕರಿಗೆ ಇಂಥ ವೇಷ ಕೊಂಡು ಕಳಿಸಲೇಬೇಕೆಂದು ಒತ್ತಾಯ ಮಾಡಿದರೆ ಅದು ಅನ್ಯಾಯ. ಕಬ್ಬಿನ ಬಾಕಿ ಬಿಲ್ಲಿಗೆ ಕಾಯುವ ರೈತನ ಮನೆಗೆ, ಕೂಲಿಯ ಮನೆಗೆ ಅದು ಹೊರೆ. ಜೋಕುಮಾರನ ಹೆಸರನ್ನೇ ಕೇಳಿರದ ಮಗುವಿಗೆ ಹ್ಯಾಲೋವೀನ್ ಮಾತ್ರ ಕಲಿಸುವುದೂ ತಪ್ಪೇ. ಇವನ್ನು ನಾನೂ ಖಂಡಿಸುತ್ತೇನೆ.

ಆದರೆ ಅದೇ ಅಳತೆಗೋಲನ್ನು ನಮ್ಮ ಹಬ್ಬಗಳಿಗೂ ಹಿಡಿಯಬೇಕು. ಗಣಪತಿಯ ಮಂಟಪಕ್ಕೆ ಹೋಗಿ ನೋಡಿ. ಪ್ಲಾಸ್ಟಿಕ್ ಹೂವಿನ ಗೋಡೆ, ಪ್ಲಾಸ್ಟಿಕ್ ಬಳ್ಳಿ, ಪ್ಲಾಸ್ಟಿಕ್ ಮಾವಿನ ತೋರಣ, ಎಲ್ಲದರ ಹಿಂದೆ ಮುಖಂಡರ ಫೋಟೋ ಹೊತ್ತ ಫ್ಲೆಕ್ಸ್. ಕರ್ನಾಟಕ ಸರಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಥರ್ಮೋಕೋಲ್ ಸಾಮಾನುಗಳನ್ನು ನಿಷೇಧಿಸಿತು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧಿಸಿತು. ಅವೆಲ್ಲ ಇನ್ನೂ ನಮ್ಮ ದೇವರ ಹಿಂದೆಯೇ ನಿಂತಿವೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ, ಯಾರ ಕೈಯೂ ಸೋಕದ, ಕೊಳೆಯದ, ಕೊನೆಗೆ ಹಳ್ಳದಲ್ಲಿ ತೇಲುವ ಆ ಹೂವಿನ ಬಗ್ಗೆ ಸಂಸ್ಕೃತಿಯ ಕಾವಲುಗಾರರಿಗೆ ಸಿಟ್ಟು ಬರುವುದಿಲ್ಲ. ಅದಕ್ಕೆ ಚಂದಾ ಕೊಡುತ್ತಾರೆ. ಸಿಟ್ಟು ಬರುವುದು ಮಗುವಿನ ಕೈಯ ಕಾಗದದ ಹೂವನ್ನು ಕಂಡಾಗ. ಕಾಗದ ಕೊಳೆತು ಮಣ್ಣಾಗುತ್ತದೆ; ಅದನ್ನು ಮಾಡಿದ ಕೈಯ ಹದ ಮಾತ್ರ ಉಳಿಯುತ್ತದೆ. ಪ್ಲಾಸ್ಟಿಕ್ ಹೂವಿನದು ತದ್ವಿರುದ್ಧ: ಕೈಯಲ್ಲಿ ಏನೂ ಉಳಿಸುವುದಿಲ್ಲ, ಮಣ್ಣಿನಲ್ಲಿ ತಾನೇ ಉಳಿಯುತ್ತದೆ.

ಹಾಗಾದರೆ ನಮ್ಮ ಸಂಸ್ಕೃತಿಗೆ ಪೆಟ್ಟು ಕೊಟ್ಟವರು ಯಾರು? ಗೋಕಾಕದ ಗೊಂಬೆಯ ಕೆಲಸ ಇಂದು ಕೆಲವೇ ಮನೆಗಳಿಗೆ ಕುಗ್ಗಿದೆ. ಹ್ಯಾಲೋವೀನ್ ಅದನ್ನು ಕುಗ್ಗಿಸಲಿಲ್ಲ. ಜಾತ್ರೆಯಲ್ಲಿ ಚೌಕಾಶಿ ಮಾಡಿ ಬಿಟ್ಟುಬಂದು, ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಕಾರು ಕೊಡಿಸಿದವರು ಕುಗ್ಗಿಸಿದರು. ಊರಿನ ಕಾಗದದ ಕೆಲಸ ಗಿರಣಿ ಕಾಗದದ ಅಗ್ಗದ ಬೆಲೆಯ ಮುಂದೆ ನಿಲ್ಲಲಾರದೆ ಹೋಯಿತು, ಊರು ಅದನ್ನು ನೆನಪಿನಿಂದಲೂ ಅಳಿಸಿಕೊಂಡಿತು. ಬಾಸಿಂಗ ಮಾಡುವವರ ಮಕ್ಕಳಿಗೆ ಆ ಕೆಲಸದಲ್ಲಿ ಮರ್ಯಾದೆ ಸಿಗಲಿಲ್ಲ. ಜೋಕುಮಾರನನ್ನು ಹೊತ್ತು ಬಂದ ಹೆಣ್ಣುಮಕ್ಕಳಿಗೆ ಎಷ್ಟೋ ಓಣಿಗಳಲ್ಲಿ ಈಗ ಗೇಟು ತೆರೆಯುವುದಿಲ್ಲ. ಈ ಒಂದೊಂದೂ ನಮ್ಮ ಕೈಯಿಂದಲೇ ಆದದ್ದು. ಹ್ಯಾಲೋವೀನಿನ ಕುಂಬಳಕಾಯಿಯನ್ನು ಅಪರಾಧಿ ಮಾಡಿದರೆ ನಮ್ಮ ಅಪರಾಧ ಮುಚ್ಚಿಹೋಗುವುದಿಲ್ಲ.

ದಾರಿ ಕಷ್ಟದ್ದಲ್ಲ. ಭಾದ್ರಪದದಿಂದ ಕಾರ್ತಿಕದವರೆಗಿನ ಕಾಲವನ್ನು ಶಾಲೆಗಳು ಕೈಕೆಲಸದ ಕಾಲ ಎಂದು ಇಟ್ಟುಕೊಳ್ಳಲಿ. ಗೊಂಬೆ ಮಾಡುವವರನ್ನು, ಬಾಸಿಂಗ ಕಟ್ಟುವವರನ್ನು, ತಾಬೂತು ಕಟ್ಟುವವರನ್ನು ಗುರುಗಳೆಂದು ಕರೆಸಲಿ. ಹಾರ ಹಾಕಿ ಕಳಿಸದೆ, ದಿನದ ದುಡಿಮೆಗೆ ತಕ್ಕ ಸಂಭಾವನೆ ಕೊಡಲಿ. ಮಕ್ಕಳು ಮಣ್ಣಿನಲ್ಲಿ ಜೋಕುಮಾರನನ್ನು ಮಾಡಲಿ, ಬಿದಿರು ಕಡ್ಡಿಯಲ್ಲಿ ಆಕಾಶಬುಟ್ಟಿ ಕಟ್ಟಲಿ, ಅಕ್ಟೋಬರ್ 31ಕ್ಕೆ ಬೇಕೆನಿಸಿದರೆ ಕಪ್ಪು ಗುಲಾಬಿಯ ಚಕ್ರವನ್ನೂ ಮಾಡಲಿ. ಮರುದಿನವೇ ಕನ್ನಡ ರಾಜ್ಯೋತ್ಸವ. 1956ರ ನವೆಂಬರ್ 1ರಂದು ಒಂದಾದ ಈ ನಾಡಿನ ಹಬ್ಬವನ್ನು ಗಡಿಯ ಜಿಲ್ಲೆಯಾದ ಬೆಳಗಾವಿಯಷ್ಟು ಅಬ್ಬರದಿಂದ ಆಚರಿಸುವವರು ವಿರಳ. ಹಿಂದಿನ ದಿನ ಕಪ್ಪು ಕಾಗದದಲ್ಲಿ ಪಳಗಿದ ಬೆರಳುಗಳು ಅಂದು ಹಳದಿ-ಕೆಂಪು ಹೂವು ಮಾಡಲಿ, ಬೀದಿಯುದ್ದಕ್ಕೂ ಪರಪರಿ ಹಚ್ಚಲಿ, ಬಾಡಿಗೆಯ ಫ್ಲೆಕ್ಸ್ ಇಲ್ಲದ ಮೆರವಣಿಗೆ ಕಟ್ಟಲಿ. ಒಂದು ಹಬ್ಬದ ಅಭ್ಯಾಸ ಇನ್ನೊಂದು ಹಬ್ಬಕ್ಕೆ ಬಂಡವಾಳವಾಗುತ್ತದೆ. ಕತ್ತರಿ ಹಿಡಿಯಲು ಕಲಿತ ಕೈಗೆ ಬಣ್ಣ ಬದಲಿಸುವುದು ಕಷ್ಟವಲ್ಲ. ಕತ್ತರಿಯನ್ನೇ ಹಿಡಿಯದ ಕೈಗೆ ಯಾವ ಹಬ್ಬವೂ ಇಲ್ಲ.

ಆದ್ದರಿಂದ ಮನೆಯ ಮಗು ಕಪ್ಪು ಹಾಳೆ ಕೇಳಿದರೆ ಕೊಡಿಸಿ. ಜೊತೆಗೆ ಕುಳಿತು ಒಂದು ದಳ ನೀವೂ ಕತ್ತರಿಸಿ. ಕತ್ತರಿಸುತ್ತ ಜೋಕುಮಾರನ ಕಥೆ ಹೇಳಿ, ಬಲಿ ಚಕ್ರವರ್ತಿಯ ಕಥೆ ಹೇಳಿ, ಗೋಕಾಕದಲ್ಲಿ ಕಾಗದ ತಯಾರಾಗುತ್ತಿದ್ದ ಕಥೆ ಹೇಳಿ. ಇಷ್ಟು ಮಾಡಿದವರಿಗೆ ಹ್ಯಾಲೋವೀನ್ ಬಗ್ಗೆ ಭಯ ಉಳಿಯುವುದಿಲ್ಲ. ಇಷ್ಟನ್ನೂ ಮಾಡಲು ಪುರುಸೊತ್ತಿಲ್ಲದವರಿಗೆ ಮಗುವಿನ ಗೋಡೆಯ ಮೇಲಿನ ಹೂವನ್ನು ಕಿತ್ತುಹಾಕುವ ಅಧಿಕಾರವೂ ಇಲ್ಲ.